ಬೆಲ್‌ಫಾಸ್ಟಿನ ಬೀದಿಯಲ್ಲಿ ಅಡ್ಡಬಿದ್ದದ್ದು

ನರಸಿಂಹರಾಜಪುರ

ವಿಲಾಯಿತಿಗೆ ಹೋಗಿ ಬಂದವನನ್ನು ನಮ್ಮ ಊರಿನಲ್ಲಿ ಎರಡೇ ಪ್ರಶ್ನೆ ಕೇಳುತ್ತಾರೆ: ಊಟಕ್ಕೆ ಏನು ಮಾಡಿಕೊಂಡಿರಿ, ರಾಜನನ್ನು ಕಂಡಿರಾ. ಊಟಕ್ಕೆ ಅನ್ನ ತೊವ್ವೆ ಬೇಯಿಸಿಕೊಂಡೆವು. ರಾಜನನ್ನೂ ಕಂಡೆ. ಅವನು ಸತ್ತು ಇನ್ನೂರು ವರ್ಷದ ಮೇಲಾಗಿತ್ತು. ರೇಷ್ಮೆ ಬಟ್ಟೆಯ ಮೇಲೆ ಬಿಳಿ ಕುದುರೆ ಹತ್ತಿ ಕೂತಿದ್ದ. ಅವನ ಮುಂದೆ ನಡುಬೀದಿಯಲ್ಲಿ ನಾನು ಬೋರಲು ಮಲಗಿದ್ದೆ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ನನ್ನ ಮುಖವನ್ನೊಮ್ಮೆ ನೋಡಿ ಮಾತು ಬದಲಿಸುತ್ತಾರೆ. ಆದ್ದರಿಂದ ಮೊದಲಿನಿಂದಲೇ ಹೇಳುವುದು ಒಳ್ಳೆಯದು.

ಈಗಿನ ಯುದ್ಧಕ್ಕೆ ಮುಂಚಿನ ಮಾತು. ನನ್ನ ಹೆಸರು ಶಿವಪ್ಪ, ನರಸಿಂಹರಾಜಪುರದಲ್ಲಿ ಡಾಕ್ಟರನಾಗಿದ್ದೆ. ಹೆರಿಗೆ ವೈದ್ಯವನ್ನು ಇನ್ನಷ್ಟು ಕಲಿಯಲು ಐರ್ಲೆಂಡಿನ ಬೆಲ್‌ಫಾಸ್ಟ್ ಎಂಬ ಊರಿನ ಆಸ್ಪತ್ರೆಯಲ್ಲಿ ಅವಕಾಶ ಸಿಕ್ಕಿತು. ನಮ್ಮದು ಜವಳಿ ವ್ಯಾಪಾರದ ವೀರಶೈವ ಮನೆ. ಲಿಂಗವಿರುವ ಬೆಳ್ಳಿಯ ಕರಡಿಗೆ ಹುಟ್ಟಿದಾಗಿನಿಂದ ನನ್ನ ಎದೆಯ ಮೇಲಿದೆ. ಅವ್ವ ಹೇಳಿದ್ದು ಒಂದೇ ಮಾತು: "ಎಲ್ಲಿಗಾದ್ರೂ ಹೋಗು, ಏನಾದ್ರೂ ಓದು. ಕೊರಳಿನ ಕರಡಿಗೆ ಮಾತ್ರ ತೆಗಿಬೇಡ ಮಗ."

ನಮ್ಮ ಟ್ರಾಮ್‌ವೇ ರೈಲು ಗೊತ್ತಿದ್ದವರಿಗೆ ಅದರ ವೇಗವೂ ಗೊತ್ತು. ಊರಿನಲ್ಲಿ ನನ್ನನ್ನು ಕಣ್ಣೀರಿಟ್ಟು ಬೀಳ್ಕೊಟ್ಟ ಚಿಕ್ಕಪ್ಪ, ನಾನು ಮರೆತುಬಂದ ಉಪ್ಪಿನಕಾಯಿ ಜಾಡಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಮುಂದಿನ ನಿಲ್ದಾಣದಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದರು. ಅಲ್ಲಿ ಇನ್ನೊಂದು ಸಲ ಕಣ್ಣೀರಿಡುವುದೋ ಬೇಡವೋ ಎಂದು ಇಬ್ಬರಿಗೂ ತಿಳಿಯಲಿಲ್ಲ.

ತರೀಕೆರೆಯಲ್ಲಿ ಸುಬ್ರಾಯ ಜೊತೆಯಾದ. ಅವನು ಕೊಪ್ಪದಲ್ಲಿ ಡಾಕ್ಟರು, ಶೃಂಗೇರಿ ಹತ್ತಿರದ ಬ್ರಾಹ್ಮಣರ ಮನೆಯವನು, ನನ್ನಂತೆಯೇ ಬೆಲ್‌ಫಾಸ್ಟಿಗೆ ಹೊರಟವನು. ಸಮುದ್ರ ದಾಟಿದರೆ ಜಾತಿ ಹೋಗುತ್ತದೆಂದು ಅವನ ಅಜ್ಜಿ ಊಟ ಬಿಟ್ಟಿದ್ದರಂತೆ. ಅದನ್ನು ಕಾಪಾಡಿಕೊಳ್ಳಲು ಅವನು ಪಂಚಪಾತ್ರೆ, ಕಂಚಿನ ಗಿಂಡಿ ಮತ್ತು ಡಬ್ಬಗಟ್ಟಲೆ ಹಪ್ಪಳ ತಂದಿದ್ದ. ಹಡಗಿನಲ್ಲಿ ಅವನ ಹೊಟ್ಟೆಯಲ್ಲಿದ್ದುದೆಲ್ಲ ಸಮುದ್ರದ ಪಾಲಾಯಿತು. ಜಾತಿ ಉಳಿಯಿತು, ಹಪ್ಪಳವೂ ಉಳಿಯಿತು.

ಬೆಲ್ ಅವರ ಮನೆ

ನಮಗೆ ಬಾಡಿಗೆಗೆ ಕೋಣೆ ಕೊಟ್ಟವರು ಮಿಸ್ಟರ್ ಬೆಲ್. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಮೇಸ್ತ್ರಿ, ಪುರಸಭೆಯ ಮೆಂಬರು, ಆ ಬೀದಿಯ ಪ್ರಾಟೆಸ್ಟೆಂಟರ ಸಂಘಕ್ಕೆ ಅಧ್ಯಕ್ಷರು. ಹೆಸರು ಘಂಟೆ, ದನಿಯೂ ಘಂಟೆ. ಮೊದಲ ಭಾನುವಾರ ಅವರು ಎದೆಯ ಮೇಲೆ ಅಡ್ಡಕ್ಕೆ ಕಾವಿ ಬಣ್ಣದ ಪಟ್ಟಿ ಹಾಕಿಕೊಂಡು ಮೆಟ್ಟಿಲಿಳಿದು ಬಂದಾಗ, ಯಾವುದೋ ಮಠದವರು ಬಂದರೆಂದು ನಾನು ಚಪ್ಪಲಿ ಬಿಟ್ಟು ನಿಂತೆ. ಅದು ಅವರ ಪಕ್ಷದ ಬಣ್ಣವೆಂದು ಆಮೇಲೆ ತಿಳಿಯಿತು.

ಮಿಸೆಸ್ ಬೆಲ್ ನಮಗೆಂದೇ ಒಂದು ಪುಟ್ಟ ಅಡುಗೆಮನೆ ಬಿಟ್ಟುಕೊಟ್ಟರು. ಎರಡು ಉರಿಯ ಗ್ಯಾಸಿನ ಒಲೆ. ತೊಂದರೆ ಶುರುವಾದದ್ದು ಅಲ್ಲಿಂದ. ನಾನು ಬೇಯಿಸಿದ್ದನ್ನು ಸುಬ್ರಾಯ ಉಣ್ಣುವಂತಿಲ್ಲ. ಲಿಂಗವಿಲ್ಲದವನ ಕಣ್ಣು ಬಿದ್ದ ಅನ್ನ ನನಗಾಗುವುದಿಲ್ಲ. ಇಬ್ಬರೂ ಓದಿದವರು, ಇಂಥದ್ದನ್ನೆಲ್ಲ ನಂಬುವುದಿಲ್ಲವೆಂದು ಹಡಗಿನಲ್ಲಿ ಗಂಟೆಗಟ್ಟಲೆ ಇಂಗ್ಲಿಷಿನಲ್ಲಿ ಮಾತಾಡಿದವರು. ಆದರೂ ಎರಡು ಉರಿಯ ನಡುವೆ ಒಂದು ಹಾಸಿಗೆಯ ಬಟ್ಟೆ ಇಳಿಬಿಟ್ಟೆವು. ಅತ್ತ ಅವನು, ಇತ್ತ ನಾನು.

ಮಿಸ್ಟರ್ ಬೆಲ್ ಒಂದು ದಿನ ಬಾಗಿಲಲ್ಲಿ ನಿಂತು ಬಹಳ ಹೊತ್ತು ಆ ಬಟ್ಟೆಯನ್ನು ನೋಡಿದರು.

"ಇದರಲ್ಲಿ ಯಾರಿಗೆ ಯಾರ ಭಯ?" ಎಂದರು.

ನಾನು ಸುಬ್ರಾಯನನ್ನು ತೋರಿಸಿದೆ, ಅವನು ನನ್ನನ್ನು ತೋರಿಸಿದ.

"ನಿಮ್ಮದು ವಾಸಿ, ಒಂದೇ ಬಟ್ಟೆಯಲ್ಲಿ ಮುಗಿಸಿದ್ದೀರಿ," ಎಂದು ಹೇಳಿ ಪೈಪು ಹಚ್ಚಿಕೊಂಡು ಹೋದರು.

ಬಟ್ಟೆ ಉಳಿದದ್ದು ಸುಬ್ರಾಯನ ಸ್ನಾನದವರೆಗೆ. ಅವನು ಒಲೆಯ ಮೇಲೆ ತೊವ್ವೆಯಿಟ್ಟು ಸ್ನಾನಕ್ಕೆ ಹೋಗಿದ್ದ. ತಳ ಹಿಡಿಯುವ ವಾಸನೆ ಬಂತು. "ಸುಬ್ರಾಯ, ನಿನ್ನ ತೊವ್ವೆ ಸೀದು ಹೋಗ್ತಾ ಇದೆ!" ಎಂದು ಕೂಗಿದೆ. "ಮುಟ್ಟಬೇಡ! ಬಂದೆ!" ಎಂದು ಒಳಗಿನಿಂದ ಕೂಗಿದ. ವಾಸನೆ ಸ್ನಾನದ ಮನೆಯನ್ನೂ ಮುಟ್ಟಿತೆಂದು ಕಾಣುತ್ತದೆ. "ಮುಟ್ಟು ಮಾರಾಯ, ಮುಟ್ಟು!" ಎಂದು ಅರಚಿದ. ನಾನು ಮುಟ್ಟುವ ಹೊತ್ತಿಗೆ ಬಟ್ಟೆಗೂ ಬೆಂಕಿ ಹಿಡಿದಿತ್ತು. ಮಿಸೆಸ್ ಬೆಲ್ ಸುಟ್ಟ ತುಂಡನ್ನು ನೆಲ ಒರೆಸಲು ಇಟ್ಟುಕೊಂಡರು. ಇನ್ನೊಂದು ಬಟ್ಟೆ ಕೊಡಲಿಲ್ಲ. ಅಂದಿನಿಂದ ಒಂದೇ ಪಾತ್ರೆ.

"ಊರಲ್ಲಿ ಹೇಳಬೇಡ ಮಾರಾಯ," ಎಂದ ಸುಬ್ರಾಯ. ಈಗ ಅವನ ಅಜ್ಜಿ ಇಲ್ಲ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಡೋಲನ್ ಅವರ ಮೂಲೆ

ಬೆಲ್ ಅವರ ಬೀದಿಯ ಕೊನೆಯಲ್ಲಿ ದೊಡ್ಡ ರಸ್ತೆ. ಅದರ ಆಚೆ ಕ್ಯಾಥೊಲಿಕರ ಬೀದಿ. ಇಬ್ಬರಿಗೂ ಏಸುವೇ ದೇವರು. ಒಬ್ಬರು ರೋಮಿನಲ್ಲಿರುವ ಜಗದ್ಗುರುವನ್ನು ಒಪ್ಪುತ್ತಾರೆ, ಇನ್ನೊಬ್ಬರು ಒಪ್ಪುವುದಿಲ್ಲ. ನಮ್ಮ ಕಡೆಯ ಓದುಗರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಹೋಗುವುದಕ್ಕೆ ಸ್ವಲ್ಪ ಹಿಂದೆ ಅಲ್ಲಿ ದೊಡ್ಡ ಗಲಭೆಯಾಗಿತ್ತು. ಜನ ಸತ್ತಿದ್ದರು. ಎರಡು ಬೀದಿಯಲ್ಲೂ ಸುಟ್ಟ ಮನೆಗಳು ಹಾಗೇ ನಿಂತಿದ್ದವು. ಛಾವಣಿ ಇರಲಿಲ್ಲ, ಬಾಗಿಲಿಗೆ ಬೀಗ ಮಾತ್ರ ಇತ್ತು.

ಆಚೆ ಬೀದಿಯ ಮೂಲೆಯಲ್ಲಿ ದಿನಸಿ ಅಂಗಡಿ ಇಟ್ಟವರು ಮಿಸ್ಟರ್ ಡೋಲನ್. ಕ್ಯಾಥೊಲಿಕರ ಮುಖಂಡರು, ಪುರಸಭೆಯಲ್ಲಿ ಬೆಲ್ ಅವರ ಎದುರು ಕುರ್ಚಿ. ಒಬ್ಬರು ಕಿಟಕಿ ತೆರೆಯಿರಿ ಎಂದರೆ ಇನ್ನೊಬ್ಬರಿಗೆ ಚಳಿಯಾಗುತ್ತಿತ್ತಂತೆ. ಹೆಸರು ಡೋಲನ್ ಆದರೂ ಡೋಲು ಕಂಡರೆ ಆಗದು. ಇದನ್ನು ಸುಬ್ರಾಯನಿಗೆ ಹೇಳಿ ಇಬ್ಬರೂ ಬೀದಿಯಲ್ಲಿ ನಿಂತು ನಕ್ಕೆವು. ಯಾರಿಗೂ ಏಕೆಂದು ವಿವರಿಸಲಾಗಲಿಲ್ಲ.

ನಾವು ಅವರ ಅಂಗಡಿಯಲ್ಲಿ ಅಕ್ಕಿ ಕೊಳ್ಳುತ್ತಿದ್ದೆವು. ಒಮ್ಮೆ ನಾನು ಬಾಗಿದಾಗ ಕರಡಿಗೆ ಹೊರಗೆ ಬಂತು. ಅದೇನೆಂದು ಕೇಳಿದರು.

"ನನ್ನ ದೇವರು," ಎಂದೆ.

"ಜೊತೆಯಲ್ಲೇ ಇಟ್ಟುಕೊಂಡಿದ್ದೀರಾ? ಜಾಣರು. ನಮ್ಮವನು ದೂರದಲ್ಲಿ ಕೂತು ಎರಡೂ ಕಡೆಯ ಮಾತು ಕೇಳುತ್ತಾನೆ, ಅದಕ್ಕೇ ಈ ಪಾಡು."

ಇನ್ನು ಜಗಳದ ಮೂಲ. ಬೇಸಿಗೆಯಲ್ಲಿ ಬೆಲ್ ಅವರ ಸಂಘದವರು, ಕ್ಯಾಥೊಲಿಕ್ ರಾಜನನ್ನು ಯುದ್ಧದಲ್ಲಿ ಸೋಲಿಸಿದ ಹಳೆಯ ರಾಜನೊಬ್ಬನ ಚಿತ್ರ ಎತ್ತಿಕೊಂಡು ಮೆರವಣಿಗೆ ಹೊರಡುತ್ತಾರೆ. ಮುಂದೆ ಚಿತ್ರ, ಹಿಂದೆ ಡೋಲು. ಡೋಲೆಂದರೆ ಹೊತ್ತವನ ತಲೆ ಟೋಪಿ ಯಾವುದೂ ಕಾಣದಷ್ಟು ದೊಡ್ಡದು. ಗಲಭೆಯಾದ ಮೇಲೆ ಡೋಲನ್ ಅವರ ಮೂಲೆಯಲ್ಲಿ ಹಾದುಹೋಗಲು ಸರ್ಕಾರ ಬಿಟ್ಟಿರಲಿಲ್ಲ. ಆ ವರ್ಷ ಬಿಟ್ಟಿತು. ಆ ಮೂಲೆಯಲ್ಲಿ ಡೋಲು ಒಂದು ಪೆಟ್ಟೂ ನಿಲ್ಲುವುದಿಲ್ಲವೆಂದು ಬೆಲ್ ತಮ್ಮವರಿಗೆ ಮಾತು ಕೊಟ್ಟರು. ಆ ಮೂಲೆಯಲ್ಲಿ ಡೋಲು ಒಂದು ಪೆಟ್ಟೂ ಬೀಳುವುದಿಲ್ಲವೆಂದು ಡೋಲನ್ ತಮ್ಮವರಿಗೆ ಮಾತು ಕೊಟ್ಟರು. ಹಾಗೆ ಮಾತು ಕೊಡದಿದ್ದರೆ ಇಬ್ಬರ ಕುರ್ಚಿಯೂ ಉಳಿಯುತ್ತಿರಲಿಲ್ಲ.

"ಎಂತ ಹುಚ್ಚು ಜನ!" ಎಂದೆ ನಾನು.

"ನಮ್ಮ ಕಡೆ ಅಡ್ಡ ಪಲ್ಲಕ್ಕಿ?" ಎಂದ ಸುಬ್ರಾಯ.

ಗುರುಗಳ ಪಲ್ಲಕ್ಕಿಯನ್ನು ಬೀದಿಯ ಉದ್ದಕ್ಕೆ ಹೊರಬೇಕೋ ಅಡ್ಡಕ್ಕೆ ಹೊರಬೇಕೋ ಎಂದು ಅವನ ಕಡೆಯವರೂ ನನ್ನ ಕಡೆಯವರೂ ಕೋರ್ಟು ಹತ್ತಿದ ಕತೆಗಳನ್ನು ಇಬ್ಬರೂ ಕೇಳಿಯೇ ಬೆಳೆದವರು. ಅದನ್ನು ಬೆಲ್ ಅವರಿಗೆ ಹೇಳುವುದು ಬೇಡವೆಂದು ತೀರ್ಮಾನಿಸಿದೆವು.

ಮೆರವಣಿಗೆಯ ದಿನ

ಆಸ್ಪತ್ರೆಯ ಪದ್ಧತಿಯಂತೆ ನಾವು ಮನೆಮನೆಗೆ ಹೋಗಿ ಹೆರಿಗೆ ಮಾಡಿಸಬೇಕಿತ್ತು. ಮೆರವಣಿಗೆಯ ದಿನ ಮಧ್ಯಾಹ್ನ ಸೂಲಗಿತ್ತಿ ನರ್ಸು ನೋರಾ ಟೆಲಿಫೋನಿನಲ್ಲಿ ಕೂಗಿದಳು. ಡೋಲನ್ ಅವರ ಮಗಳು ಮೇರಿಗೆ ನೋವು ಬಂದಿದೆ, ಅಂಗಡಿಯ ಮೇಲಿನ ಕೋಣೆಯಲ್ಲಿದ್ದಾಳೆ, ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ.

ಅಡ್ಡ ಮಗು ತಾನಾಗಿ ಹುಟ್ಟುವುದಿಲ್ಲ. ಒಳಗೆ ಕೈ ಹಾಕಿ ತಿರುಗಿಸಬೇಕು, ತಡವಾದರೆ ತಾಯಿಯೂ ಉಳಿಯುವುದಿಲ್ಲ. ಆ ಕೆಲಸದಲ್ಲಿ ಸುಬ್ರಾಯನ ಕೈ ನನ್ನ ಕೈಗಿಂತ ಸಣ್ಣದು, ಒಳ್ಳೆಯದು. ಚೀಲ ಹಿಡಿದು ಓಡಿದೆವು. ದೊಡ್ಡ ರಸ್ತೆಗೆ ಬಂದರೆ ಮೆರವಣಿಗೆ ಆಗಲೇ ಎದುರಿಗಿತ್ತು. ರಸ್ತೆಯಾಚೆ ಡೋಲನ್ ಅವರ ಅಂಗಡಿ, ಅದರ ಮೇಲಿನ ಕಿಟಕಿ ಕಣ್ಣಿಗೆ ಕಾಣುತ್ತಿತ್ತು. ಪೊಲೀಸಿನವನು ಕೈ ಅಡ್ಡ ಹಿಡಿದ.

"ಯಾರೂ ಮೆರವಣಿಗೆಗೆ ಅಡ್ಡ ಹೋಗುವಂತಿಲ್ಲ. ಹೋದ ಸಲ ಗಲಾಟೆ ಹತ್ತಿಕೊಂಡದ್ದೇ ಹಾಗೆ."

ನಾವು ಡಾಕ್ಟರೆಂದೆವು. ಡೋಲಿನ ಸದ್ದಿನಲ್ಲಿ ಅವನಿಗೆ ಏನು ಕೇಳಿತೋ, ತಲೆಯಲ್ಲಾಡಿಸಿ ನಮ್ಮನ್ನು ಹಿಂದೆ ತಳ್ಳಿದ. ಮೆರವಣಿಗೆಯ ಬಾಲ ಕಣ್ಣಿಗೆ ಕಾಣದಷ್ಟು ದೂರವಿತ್ತು.

"ಎಂತ ಮಾಡುದು ಶಿವಪ್ಪ?" ಎಂದ ಸುಬ್ರಾಯ. "ಮಗುವಿನ ಕೈ ಹೊರಗೆ ಬಂತು ಅಂದ್ರೆ ಮುಗೀತು."

ನಮ್ಮ ಕಡೆಯೂ ಪಲ್ಲಕ್ಕಿಗೆ ಅಡ್ಡ ಹೋಗುವಂತಿಲ್ಲ. ಆದರೆ ಅಡ್ಡ ಬೀಳಬಹುದು. ಯಾರಾದರೂ ಮುಂದೆ ಬಂದು ನೆಲಕ್ಕೆ ಅಡ್ಡಬಿದ್ದರೆ, ಅವರು ಏಳುವವರೆಗೂ ಹೊತ್ತವರು ನಿಲ್ಲಲೇಬೇಕು.

"ನಾನು ಬೀಳ್ತೀನಿ, ನೀನು ಓಡು," ಎಂದೆ.

"ಎಲ್ಲಿ ಬೀಳ್ತೀಯ?"

"ಅಡ್ಡ ಬೀಳ್ತೀನಿ."

ಮಲೆನಾಡಿನವನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ. ಚೀಲವನ್ನು ಎದೆಗವಚಿಕೊಂಡ.

ನಾನು ಪೊಲೀಸಿನವನ ತೋಳಿನಡಿ ನುಸುಳಿ, ಎರಡೂ ಕೈ ಜೋಡಿಸಿ, ಬಿಳಿ ಕುದುರೆಯ ರಾಜನ ಮುಂದೆ ಒದ್ದೆ ಕಲ್ಲಿನ ಮೇಲೆ ಸಾಷ್ಟಾಂಗ ಬಿದ್ದೆ. ಚಿತ್ರ ಹಿಡಿದವರು ಗಕ್ಕನೆ ನಿಂತರು. ಹಿಂದಿನವರು ಮುಂದಿನವರಿಗೆ ಡಿಕ್ಕಿ ಹೊಡೆದರು. ಅದೇ ಸಂದಿಯಲ್ಲಿ ಸುಬ್ರಾಯ ಓಡಿದ. ಆಚೆ ಬೀದಿಯ ಬಾಯಲ್ಲಿ ಕಲ್ಲು ಹಿಡಿದು ಕಾದಿದ್ದವರು ಒಬ್ಬ ಕರಿಯ ಮಲಗಿರುವುದನ್ನೂ ಇನ್ನೊಬ್ಬ ಓಡಿಬರುವುದನ್ನೂ ನೋಡಿ, ಯಾರಿಗೆ ಹೊಡೆಯಬೇಕೆಂದು ತಿಳಿಯದೆ ಹಾಗೇ ನಿಂತರು.

ಡೋಲು ಮಾತ್ರ ನಿಲ್ಲಲಿಲ್ಲ. ನಿಂತಲ್ಲೇ ಬಡಿಯುತ್ತಿದ್ದರು. ನೆಲಕ್ಕಿಟ್ಟ ನನ್ನ ಕಿವಿಯೊಳಗೆ ಇಡೀ ಬೀದಿ ಅದುರಿತು. ಆಗ ನನಗೆ ನಿಜವಾದ ಭಯವಾಯಿತು. ಮಗುವನ್ನು ತಿರುಗಿಸುವಾಗ ಅದರ ಎದೆಬಡಿತವನ್ನು ಕೊಳವೆಗೆ ಕಿವಿಯಿಟ್ಟು ಕೇಳುತ್ತಿರಬೇಕು. ಈ ಸದ್ದಿನಲ್ಲಿ ಕೋಣನ ಎದೆಬಡಿತವೂ ಕೇಳಿಸುವ ಹಾಗಿರಲಿಲ್ಲ.

ಬೆಲ್ ಧಾವಿಸಿ ಬಂದು ಮೊಣಕಾಲೂರಿದರು. "ಡಾಕ್ಟರ್! ಏನಾಯಿತು?"

"ಡೋಲನ್ ಮಗಳ ಮಗು ಅಡ್ಡ ಇದೆ. ಸುಬ್ರಾಯ ಒಳಗೆ ಹೋದ. ಅವನಿಗೆ ಮಗುವಿನ ಎದೆಬಡಿತ ಕೇಳಬೇಕು. ಡೋಲು ನಿಲ್ಲಿಸಿ ಮಿಸ್ಟರ್ ಬೆಲ್."

ಅವರು ತಲೆಯೆತ್ತಿ ಕಿಟಕಿ ನೋಡಿದರು. ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಡೋಲನ್ ಅವರನ್ನು ನೋಡಿದರು. ತಿರುಗಿ ತಮ್ಮವರನ್ನು ನೋಡಿದರು. ನಿಲ್ಲಿಸಿದರೆ ಕೊಟ್ಟ ಮಾತು ಹೋಯಿತು, ಅಧ್ಯಕ್ಷಗಿರಿಯೂ ಹೋಯಿತು. ಆ ಮುಖವನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ. ಅಷ್ಟು ಹತ್ತಿರದಿಂದ ಒಬ್ಬ ಮುಖಂಡ ಯೋಚಿಸುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅವರು ಎದ್ದು ಕೈಯೆತ್ತಿದರು.

"ಸಹೋದರರೇ! ಸಮುದ್ರಗಳಾಚೆಯಿಂದ ಬಂದ ಈ ಭಾರತೀಯ ನಮ್ಮ ರಾಜನಿಗೆ ಅವರ ದೇಶದ ಮರ್ಯಾದೆ ಮಾಡುತ್ತಿದ್ದಾನೆ! ಇವನು ಏಳುವವರೆಗೂ ರಾಜನ ಗೌರವಕ್ಕೆ ಡೋಲು ಸುಮ್ಮನಿರಲಿ!"

ರಾಜನ ಗೌರವಕ್ಕೆ ಎಂದಮೇಲೆ ಬೇಡವೆನ್ನುವವರು ಯಾರು? ಡೋಲುಗಳು ಒಂದೊಂದಾಗಿ ನಿಂತವು. ಬೆಲ್ ಬಗ್ಗಿ ನನ್ನ ಕಿವಿಯಲ್ಲಿ, "ಎದ್ದೀರಿ, ಜೋಕೆ!" ಎಂದರು.

ನಾನು ಮಲಗಿಯೇ ಇದ್ದೆ. ಸೋನೆ ಮಳೆ ಶುರುವಾಯಿತು. ಕರಡಿಗೆ ಎದೆಗೆ ಒತ್ತಿ ನೋಯುತ್ತಿತ್ತು. ಮೂಗಿನ ಹತ್ತಿರವೇ ಕುದುರೆ ಲದ್ದಿ. ಭಕ್ತಿ ಹೆಚ್ಚಾದಂತೆ ಕಾಣಲಿ ಎಂದು ನಡುನಡುವೆ ಕೈಗಳನ್ನು ಇನ್ನಷ್ಟು ಮುಂದೆ ಚಾಚುತ್ತಿದ್ದೆ. ಕ್ಯಾಥೊಲಿಕರ ಕಡೆಯಿಂದ ಯಾರೋ, "ಹೆದರಿ ನಿಲ್ಲಿಸಿದರು, ಹೇಡಿಗಳು!" ಎಂದು ಕೂಗಿದ. ನಗು ಎದ್ದಿತು. ಅದಕ್ಕೆ ಮೊದಲು ದನಿಗೂಡಿಸಬೇಕಾದವರು ಡೋಲನ್. ಅವರು ತಿರುಗಿ, "ಬಾಯಿ ಮುಚ್ಚಿ!" ಎಂದರು. ತಮ್ಮವರಿಗೇ.

ಆಮೇಲೆ ಮಳೆಯ ಸದ್ದೊಂದೇ ಉಳಿಯಿತು. ನಾನು ಶಿವನನ್ನು ನೆನೆದೆ, ಸುಬ್ರಾಯನ ಶಾರದೆಯನ್ನೂ ನೆನೆದೆ, ಆ ಹೊತ್ತಿಗೆ ಯಾರು ಬಂದರೂ ಆಗುತ್ತಿತ್ತು.

ಕಿಟಕಿಯಿಂದ ಮಗುವಿನ ಅಳು ಕೇಳಿಸಿತು. ಎರಡೂ ಕಡೆಯ ಅಷ್ಟೂ ಜನ ತಲೆಯೆತ್ತಿ ನೋಡಿದರು.

"ಈಗ ಏಳಿ," ಎಂದರು ಬೆಲ್. ಕಾಲು ಜೋಮು ಹಿಡಿದು ಏಳಲಾಗಲಿಲ್ಲ. ಅವರೇ ಕಂಕುಳಿಗೆ ಕೈಹಾಕಿ ಎತ್ತಿದರು.

ಮಾಣಿಯೋ, ಕೂಸೋ

ತಾಯಿ ಮಗು ಇಬ್ಬರೂ ಉಳಿದರು. ಆ ಮೇಲೆ ನಡೆದ ಒಂದು ಎಡವಟ್ಟು ಮಲೆನಾಡಿನವರಿಂದ ಮಾತ್ರ ಆಗುವಂಥದ್ದು. ಮಗು ಹೊರಬಂದ ಕೂಡಲೇ ನೋರಾ ಅದನ್ನು ಪಕ್ಕದ ಕೋಣೆಗೆ ಒಯ್ದಿದ್ದಳು. ಸುಬ್ರಾಯ ಕೊನೆಯವರೆಗೂ ತಾಯಿಯ ರಕ್ತ ನಿಲ್ಲಿಸುವುದರಲ್ಲೇ ಇದ್ದ. ಬೀದಿಯಿಂದ ಎದ್ದು ಹೋಗಿ ಮಗುವನ್ನು ತೊಳೆದು ನೋಡಿದವನು ನಾನು. ಮನೆಗೆ ಬರುವ ದಾರಿಯಲ್ಲಿ ಅವನು ಕೇಳಿದ:

"ಎಂತ, ಹುಷಾರಿದ್ಯಾ?"

"ಕೂಸು ಗಟ್ಟಿ ಉಂಟು," ಎಂದೆ.

ನಮ್ಮ ಮನೆಯಲ್ಲಿ ಕೂಸು ಎಂದರೆ ಮಗು. ಅವನ ಮನೆಮಾತಿನಲ್ಲಿ ಗಂಡಾದರೆ ಮಾಣಿ, ಹೆಣ್ಣಾದರೆ ಕೂಸು. ಅವನು ಹೋಗಿ ಮಿಸೆಸ್ ಬೆಲ್ ಅವರಿಗೆ ಹೆಣ್ಣು ಮಗುವೆಂದ. ಆಕೆ ಯಾರಿಗೂ ಹೇಳದೆ ಗುಲಾಬಿ ಬಣ್ಣದ ಟೋಪಿ ಹೆಣೆದು, ನೋರಾಳ ಚೀಲದಲ್ಲಿ ಅಡಗಿಸಿ ಕಳಿಸಿದರು. ಆಚೆ ಬೀದಿಯಲ್ಲಿ ಇದನ್ನು ಬಿಚ್ಚಿ ನೋಡಿದ ಮೇರಿ, ಗಂಡುಮಗುವಿಗೆ ಹೆಣ್ಣಿನ ಟೋಪಿ ಕಳಿಸಿ ಪ್ರಾಟೆಸ್ಟೆಂಟರು ಅವಮಾನ ಮಾಡಿದರೆಂದು ಅತ್ತಳಂತೆ. ನಾನೂ ಸುಬ್ರಾಯನೂ ಹೋಗಿ ಕನ್ನಡದ ಉಪಭಾಷೆಗಳ ಮೇಲೆ ಅವಳಿಗೆ ಒಂದು ಉಪನ್ಯಾಸ ಕೊಟ್ಟೆವು. ಅವಳು ನಗುತ್ತ ನಗುತ್ತ, "ಹೊಲಿಗೆ ನೋಯುತ್ತದೆ, ನಿಲ್ಲಿಸಿ," ಎಂದಳು.

ಆದರೆ ಗುಟ್ಟು ಉಳಿಯಲಿಲ್ಲ. ಡೋಲು ನಿಂತದ್ದು ಯಾರಿಗಾಗಿ ಎಂದು ಕೆಲವೇ ದಿನಗಳಲ್ಲಿ ಎರಡೂ ಬೀದಿಗೆ ತಿಳಿಯಿತು. ಡೋಲನ್ ಮೊಮ್ಮಗನಿಗಾಗಿ ನಮ್ಮನ್ನು ಮಳೆಯಲ್ಲಿ ನಿಲ್ಲಿಸಿದೆ ಎಂದು ಸಂಘದವರು ಬೆಲ್ ಅವರ ಅಧ್ಯಕ್ಷಗಿರಿ ಕಿತ್ತುಕೊಂಡರು. ಬೆಲ್ ಮಾಡಿದ ಉಪಕಾರಕ್ಕೆ ನಮ್ಮ ಬಾಯಿ ಮುಚ್ಚಿಸಿದೆ ಎಂದು ಕ್ಯಾಥೊಲಿಕರು ಡೋಲನ್ ಅವರನ್ನು ಮುಂದಿನ ಚುನಾವಣೆಗೆ ನಿಲ್ಲಿಸಲಿಲ್ಲ. ಇಬ್ಬರೂ ಒಳಗೊಳಗೇ ಒಂದಾಗಿದ್ದಾರೆ ಎಂಬ ಮಾತು ಮಾತ್ರ ಎರಡೂ ಬೀದಿಗೆ ಒಪ್ಪಿಗೆಯಾಯಿತು. ನಿಜ ಹೇಳಬೇಕೆಂದರೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಈಗ ಆಡಿದರೆ ಜನ ಹೇಳಿದ್ದು ನಿಜವಾದೀತೆಂದು ಇನ್ನಷ್ಟು ದೂರವಾದರು. ಬೆಲ್ ಅವರ ಘಂಟೆಯ ದನಿ ಮನೆಯಲ್ಲಿ ಕೇಳಿಸದಾಯಿತು.

ಬಂದರು

ನಾವು ಊರಿಗೆ ಹೊರಟ ದಿನ ಬೆಲ್ ದಂಪತಿಗಳು ಬಂದರಿಗೆ ಬಂದರು. ಡೋಲನ್ ಅವರೂ ಬಂದರು, ಕಂಬಳಿಯಲ್ಲಿ ಸುತ್ತಿದ ಮೊಮ್ಮಗನನ್ನು ಎತ್ತಿಕೊಂಡು. ಬೆಲ್ ಈ ತುದಿಯ ಕ್ರೇನಿನ ಹತ್ತಿರ ನಿಂತರು. ಡೋಲನ್ ಆ ತುದಿಯ ಕಲ್ಲಿದ್ದಲ ರಾಶಿಯ ಹತ್ತಿರ ನಿಂತರು. ನಡುವೆ ಎರಡೂ ಬೀದಿಯ ಕೂಲಿಯವರು ಮೂಟೆ ಹೊರುತ್ತಿದ್ದರು, ಎಲ್ಲರ ಕಣ್ಣೂ ಇವರ ಮೇಲೆ.

ನಾನು ಬೆಲ್ ಅವರ ಕೈ ಕುಲುಕಿದೆ. ಅವರು ಹಡಗನ್ನೇ ನೋಡುತ್ತ, "ತೂಕ ಹೆಚ್ಚಿದೆಯೇ?" ಎಂದರು.

"ಹೆಚ್ಚಿದೆ."

ಆ ತುದಿಗೆ ಹೋದೆ. ಡೋಲನ್ ಸಮುದ್ರ ನೋಡುತ್ತ, "ಏನು ಕೇಳಿದ?" ಎಂದರು. ಹೇಳಿದೆ. "ಹಾಲು ಕುಡಿದು ಕುಡಿದು ನನ್ನ ಅಂಗಡಿ ಮುಳುಗಿಸುತ್ತಾನೆ ಎಂದು ಹೇಳಿ."

ಈ ತುದಿಗೆ ಬಂದು ಹೇಳಿದೆ. ಬೆಲ್ ಅವರ ಮೀಸೆ ಅಲುಗಿತು. "ದನಿ ಹೇಗಿದೆಯಂತೆ?"

ಮತ್ತೆ ಹೋದೆ. "ಡೋಲು ಬೇಕಾಗಿಲ್ಲ ಎಂದು ಹೇಳಿ," ಎಂದರು ಡೋಲನ್.

ಬೆಲ್‌ಫಾಸ್ಟಿನಲ್ಲಿ ನಾನು ಮಾಡಿದ ರಾಯಭಾರವೆಂದರೆ ಇದು. ಹಡಗಿನ ಕೊಂಬು ಕೂಗಿತು. "ಹತ್ತು ಮಾರಾಯ, ಬಿಟ್ಟು ಹೋದೀತು!" ಎಂದು ಸುಬ್ರಾಯ ಮೇಲಿನಿಂದ ಕಿರುಚುತ್ತಿದ್ದ.

"ಕೊನೆಯದು," ಎಂದರು ಬೆಲ್. "ಟೋಪಿ ಸರಿಯಾಯಿತೇ ಎಂದು ನನ್ನ ಹೆಂಡತಿ ಕೇಳುತ್ತಿದ್ದಾಳೆ." ಪಕ್ಕದಲ್ಲೇ ಇದ್ದ ಮಿಸೆಸ್ ಬೆಲ್ ಏನನ್ನೂ ಕೇಳಿರಲಿಲ್ಲ. ಆಕೆಯ ಕಣ್ಣು ತುಂಬಿತ್ತು.

ನಾನು ಓಡಿಹೋಗಿ ಹೇಳಿದೆ. ಮೂಟೆ ಇಳಿಸಿ ನೋಡುತ್ತಿದ್ದ ಕೂಲಿಯವರನ್ನು ಡೋಲನ್ ಒಮ್ಮೆ ನೋಡಿದರು. ಕಂಬಳಿ ಬಿಚ್ಚಿದರು. ಮಗುವಿನ ತಲೆಯ ಮೇಲೆ ಗುಲಾಬಿ ಟೋಪಿಯಿತ್ತು. ಅವರು ಎರಡೂ ಕೈಯಿಂದ ಮೊಮ್ಮಗನನ್ನು ತಲೆಗಿಂತ ಮೇಲೆ, ಆ ತುದಿಗೆ ಕಾಣುವಷ್ಟು ಮೇಲೆ, ಎತ್ತಿ ಹಿಡಿದರು. ಮಗು ಗಾಳಿಯಲ್ಲಿ ಕಾಲು ಝಾಡಿಸಿ ಕಿರುಚಿತು.

ಕ್ರೇನಿನ ಹತ್ತಿರ ಬೆಲ್ ನೆಟ್ಟಗಾದರು. ಎಲ್ಲರೂ ನೋಡುತ್ತಿರುವಾಗಲೇ ತಲೆಯ ಹ್ಯಾಟು ತೆಗೆದು ಎದೆಗೆ ಹಿಡಿದುಕೊಂಡರು. ಇಬ್ಬರೂ ಒಂದು ಹೆಜ್ಜೆ ಮುಂದಿಡಲಿಲ್ಲ. ನಾನು ಏಣಿ ಹತ್ತಿ, ಸುಬ್ರಾಯನ ಪಕ್ಕಕ್ಕೆ ಬಂದು, ಹಡಗು ದಡ ಬಿಟ್ಟ ಮೇಲೆ ತಿರುಗಿ ನೋಡಿದಾಗಲೂ ಡೋಲನ್ ಕೈ ಇಳಿಸಿರಲಿಲ್ಲ, ಬೆಲ್ ಹ್ಯಾಟು ಹಾಕಿಕೊಂಡಿರಲಿಲ್ಲ.